ಕುರುವಿನ ಗಾತ್ರ ನೋಡಬೇಡಿ, ವೈದ್ಯರ ಕೈ ಏನು ಮಾಡಿತು ನೋಡಿ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಮೆಡಿಕಲ್ ಕೋಡರ್, ಅಂದರೆ ವೈದ್ಯರು ಬರೆದ ಚಾರ್ಟ್ ಓದಿ ರೋಗಕ್ಕೂ ಚಿಕಿತ್ಸೆಗೂ ಬಿಲ್ಲಿಗೆ ಬೇಕಾದ ಕೋಡ್ ಹಾಕುವುದು ನನ್ನ ಕೆಲಸ. ಬಿ.ಎಸ್ಸಿ. ಮುಗಿಸಿ ಈ ಕೆಲಸಕ್ಕೆ ಬಂದು 8 ತಿಂಗಳಾಯಿತು. ಅಮೆರಿಕದ ಎಮರ್ಜೆನ್ಸಿ ವಿಭಾಗದ ಚಾರ್ಟ್‌ಗಳಿಗೆ ವೈದ್ಯರ ಬಿಲ್ ಕಡೆಯ ಕೋಡಿಂಗ್ ಮಾಡುತ್ತೇನೆ. ಒಂದು ಚಾರ್ಟ್‌ನಲ್ಲಿ ರೋಗಿಯ ಬೆನ್ನಿನ ಮೇಲೆ 6 ಸೆಂ.ಮೀ. ಕುರು ಇತ್ತು. ಕೊಯ್ದು ತುಂಬ ಕೀವು ತೆಗೆದು ಡ್ರೆಸ್ಸಿಂಗ್ ಮಾಡಿದರು ಅಂತ ಬರೆದಿತ್ತು. ಅಷ್ಟು ದೊಡ್ಡ ಕುರು ಅಲ್ವಾ ಅಂತ ಕುರು ಕೊಯ್ಯುವ ಎರಡು ಕೋಡ್‌ಗಳಲ್ಲಿ ದೊಡ್ಡದಾದ 10061 ಹಾಕಿದೆ. ಆಡಿಟರ್ ಅದನ್ನು 10060 ಮಾಡಿ ಎರರ್ ಕೊಟ್ಟರು. ಇನ್ನೊಂದು ಚಾರ್ಟ್‌ನಲ್ಲಿ ಕುರುವಿನ ಜೊತೆ ಸೆಲ್ಯುಲೈಟಿಸ್ (ಚರ್ಮದಲ್ಲಿ ಹರಡುವ ಸೋಂಕು) ಕೋಡ್ ಬಿಟ್ಟಿದ್ದೀರಿ ಅಂತ ಎರರ್ ಬಂತು. ಎರಡು ದಿನ ಬಿಟ್ಟು ಪ್ಯಾಕಿಂಗ್ (ಗಾಯದೊಳಗೆ ತುಂಬಿದ ಬಟ್ಟೆ) ತೆಗೆಸಲು ಬಂದವರಿಗೆ ಏನು ಹಾಕಬೇಕು ಅನ್ನುವುದೂ ಗೊಂದಲವೇ. ಇಷ್ಟು ಚಿಕ್ಕ ಪ್ರೊಸೀಜರ್‌ನಲ್ಲಿ ಇಷ್ಟೊಂದು ತಪ್ಪು ಹೇಗಾಗುತ್ತದೆ?

ಉತ್ತರ: ಮೊದಲಿಗೆ ಒಂದು ಮಾತು. ಚಾರ್ಟಿನ ಸ್ಕ್ರೀನ್‌ಶಾಟ್ ಕಳಿಸದೆ, ಹೆಸರು, ವಯಸ್ಸು, ಊರು ಏನೂ ಬರೆಯದೆ ಬರೀ ವಿಷಯ ಕೇಳಿದ್ದೀರಿ. ತುಂಬ ಒಳ್ಳೆಯದು. ಆ ರೋಗಿ ಯಾರೋ ನಮಗೆ ಗೊತ್ತಿಲ್ಲ, ನಾವೂ ಅವರಿಗೆ ಗೊತ್ತಿಲ್ಲ. ಆದರೂ ಅವರ ಗುಟ್ಟು ನಮ್ಮ ಕೈಯಲ್ಲಿದೆ. ಆ ಗುಟ್ಟು ಕಾಪಾಡಲು ಅಮೆರಿಕದಲ್ಲಿ 1996ರ ಹಿಪಾ ಕಾನೂನು ಇದೆ.

ಈಗ ನಿಮ್ಮ ಮೊದಲನೇ ಎರರ್. ನೀವು ಬರೆದಿರುವಷ್ಟೇ ಚಾರ್ಟ್‌ನಲ್ಲೂ ಇದ್ದರೆ, ಆಡಿಟರ್ ಹೇಳಿದ್ದೇ ಸರಿ. ಬೇಜಾರು ಮಾಡಿಕೊಳ್ಳಬೇಡಿ. ಹೊಸದಾಗಿ ಬಂದವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. 6 ಸೆಂ.ಮೀ. ಕುರು ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಒಂದು ಚಿತ್ರ ಬರುತ್ತದೆ. ಮನೆಯಲ್ಲಿ ಯಾರಿಗೋ ಕುರು ಎದ್ದು, ಹಣ್ಣಾಗಿ, ರಾತ್ರಿಯೆಲ್ಲ ನಿದ್ದೆಗೆಟ್ಟದ್ದು ನೆನಪಾಗುತ್ತದೆ. ಇಷ್ಟು ದೊಡ್ಡದಕ್ಕೆ ದೊಡ್ಡ ಕೋಡ್ ತಾನೇ ಅನ್ನಿಸುತ್ತದೆ. ಆದರೆ 10060 ಮತ್ತು 10061 ಎರಡರಲ್ಲೂ ಸೆಂಟಿಮೀಟರ್ ಲೆಕ್ಕವೇ ಇಲ್ಲ. ಗೆಡ್ಡೆ ತೆಗೆಯುವ ಕೋಡ್‌ಗಳಲ್ಲಿ ಅಳತೆ ಇದೆ, ಗಾಯಕ್ಕೆ ಹೊಲಿಗೆ ಹಾಕುವ ಕೋಡ್‌ಗಳಲ್ಲಿ ಅಳತೆ ಇದೆ. ಕುರು ಕೊಯ್ಯುವ ಕೋಡ್‌ನಲ್ಲಿ ಇಲ್ಲ. ಕೀವು ಎಷ್ಟು ಬಂತು ಅನ್ನುವ ಲೆಕ್ಕವೂ ಇಲ್ಲ. ಅಲ್ಲಿರುವುದು ಒಂದೇ ಪ್ರಶ್ನೆ: ವೈದ್ಯರ ಕೈ ಏನೇನು ಮಾಡಿತು?

ವೈದ್ಯರು ಮಾಡಿದ ಕೆಲಸಕ್ಕೆ ಕೋಡ್ ಕೊಡುವ ಸಿಪಿಟಿ ಪುಸ್ತಕ ತೆರೆದು ಆ ಸಾಲನ್ನು ನಿಧಾನಕ್ಕೆ ಓದಿ. ಸಾಫ್ಟ್‌ವೇರ್‌ನಲ್ಲಿ ಬರುವ ಚುಟುಕು ವಿವರಣೆ ಸಾಲದು, ಪೂರ್ತಿ ಸಾಲು ಓದಬೇಕು. ಕುರುವನ್ನು ಕೊಯ್ದು ಕೀವು ಹರಿಸುವುದು ಅಂತ ಶುರುವಾಗುತ್ತದೆ. ನಡುವೆ ಕಾರ್ಬಂಕಲ್, ಹೈಡ್ರಾಡಿನೈಟಿಸ್, ಚರ್ಮದ ಅಥವಾ ಚರ್ಮದಡಿಯ ಕುರು, ಸಿಸ್ಟ್, ಫ್ಯೂರಂಕಲ್, ಉಗುರುಸುತ್ತು ಅಂತ ಉದಾಹರಣೆಗಳು ಬರುತ್ತವೆ. ಆಮೇಲೆ ಒಂದು ಅರ್ಧವಿರಾಮ. ಅದಾದ ಮೇಲೆ 10060ಕ್ಕೆ ‘ಸಿಂಪಲ್ ಆರ್ ಸಿಂಗಲ್’. ಕೆಳಗಿನ ಸಾಲಿನಲ್ಲಿ ಸ್ವಲ್ಪ ಒಳಕ್ಕೆ ಸರಿದು 10061, ‘ಕಾಂಪ್ಲಿಕೇಟೆಡ್ ಆರ್ ಮಲ್ಟಿಪಲ್’. ಆ ಅರ್ಧವಿರಾಮದ ಹಿಂದೆ ಇರುವುದೆಲ್ಲ ಎರಡೂ ಕೋಡ್‌ಗೆ ಸಮಾನ. ಮುಂದೆ ಇರುವ ಮೂರು ಪದದಲ್ಲಷ್ಟೇ ವ್ಯತ್ಯಾಸ.

ನಾನು ಇದನ್ನು ಕಲಿತದ್ದು ತಪ್ಪು ಮಾಡಿಯೇ. ಕೆಲಸದ ಮೊದಲ ವರ್ಷ. ಒಬ್ಬರಿಗೆ ಬಲಗಂಕುಳಲ್ಲಿ ಎರಡು ಕುರು. ಎರಡನ್ನೂ ಕೊಯ್ದಿದ್ದರು. ಎರಡೂ ಸಣ್ಣವು, ಎರಡೂ ಸರಳ. ನಾನು 10060 ಎರಡು ಯೂನಿಟ್ ಹಾಕಿದೆ. ಕ್ಲೇಮ್ (ಇನ್ಶೂರೆನ್ಸ್‌ಗೆ ಕಳಿಸಿದ ಬಿಲ್) ವಾಪಸ್ ಬಂತು. ನಮ್ಮ ಟೀಮ್ ಲೀಡ್ ಏನೂ ಬೈಯಲಿಲ್ಲ. ಪುಸ್ತಕ ತಂದು ಮೇಜಿನ ಮೇಲಿಟ್ಟು ಆ ಅರ್ಧವಿರಾಮದ ಮೇಲೆ ಬೆರಳಿಟ್ಟರು. "ಇದರ ಮುಂದೆ ಏನಿದೆ, ಜೋರಾಗಿ ಓದು" ಅಂದರು. ಓದಿದೆ. ‘ಮಲ್ಟಿಪಲ್’ ಅನ್ನುವ ಪದ ಅಲ್ಲೇ ಇತ್ತು. ಎರಡು ಕುರು ಕೊಯ್ದರೆ, ಎರಡೂ ಸರಳವಾಗಿದ್ದರೂ, 10061 ಒಂದೇ ಸಲ. ಒಂದು ಕಂಕುಳಲ್ಲಿ, ಇನ್ನೊಂದು ತೊಡೆಯಲ್ಲಿ ಇದ್ದರೂ ಅಷ್ಟೇ. ಮೂರಿದ್ದರೂ ಒಂದೇ ಸಲ.

ಹಾಗಾದರೆ ಒಂದೇ ಕುರು ಇದ್ದಾಗ ‘ಕಾಂಪ್ಲಿಕೇಟೆಡ್’ ಅನ್ನುವುದು ಯಾವಾಗ? ಪುಸ್ತಕ ಇದಕ್ಕೆ ಗೆರೆ ಎಳೆದು ಕೊಟ್ಟಿಲ್ಲ. ನಿರ್ಧಾರ ವೈದ್ಯರದ್ದು. ಆದರೆ ಆ ನಿರ್ಧಾರಕ್ಕೆ ಆಧಾರ ನೋಟ್‌ನಲ್ಲಿ ಕಾಣಬೇಕು. ಇದನ್ನು ಅರ್ಥ ಮಾಡಿಕೊಳ್ಳಲು ಒಳಗೆ ಏನಾಗುತ್ತದೆ ಅನ್ನುವುದು ಗೊತ್ತಿರಬೇಕು.

ಸರಳವಾದ ಕುರು ಅಂದರೆ ಒಂದೇ ಕೋಣೆ. ಚರ್ಮ ಮರಗಟ್ಟಿಸಿ, 11ನೇ ನಂಬರಿನ ಚೂಪು ಬ್ಲೇಡ್‌ನಿಂದ ಕೊಯ್ದರೆ ಕೀವು ತಾನಾಗಿ ಬರುತ್ತದೆ. ಸ್ವಲ್ಪ ಒತ್ತುತ್ತಾರೆ, ತೊಳೆಯುತ್ತಾರೆ, ಮೇಲೆ ಗಾಜ್ ಬಟ್ಟೆ ಇಡುತ್ತಾರೆ. ಮುಗಿಯಿತು. ಕೆಲವು ಕುರು ಹಾಗಲ್ಲ. ಕಿತ್ತಳೆ ತೊಳೆಗಳ ಹಾಗೆ ಒಳಗೆ ಸಣ್ಣ ಸಣ್ಣ ಕೋಣೆ, ನಡುವೆ ತೆಳು ಗೋಡೆ. ಒಂದು ಕಡೆ ಕೊಯ್ದರೆ ಒಂದು ಕೋಣೆಯ ಕೀವು ಮಾತ್ರ ಬರುತ್ತದೆ. ಆಗ ವೈದ್ಯರು ಹೀಮೋಸ್ಟಾಟ್ ಎಂಬ ಬಾಗಿದ ಇಕ್ಕಳವನ್ನು ಒಳಗೆ ತೂರಿಸಿ, ಅದರ ಬಾಯಿ ಅಗಲಿಸಿ, ಆ ಗೋಡೆಗಳನ್ನು ಒಂದೊಂದಾಗಿ ಒಡೆಯುತ್ತಾರೆ. ಇದನ್ನೇ ಅವರು ‘ಲಾಕ್ಯುಲೇಷನ್ಸ್ ಬ್ರೋಕನ್’ ಅಂತ ಬರೆಯುವುದು. ಕೆಲವೊಮ್ಮೆ ಎರಡನೇ ಕಡೆಯೂ ಕೊಯ್ಯಬೇಕಾಗುತ್ತದೆ. ಡ್ರೇನ್ ಇಟ್ಟು ಹೊಲಿಗೆ ಹಾಕಬೇಕಾಗುತ್ತದೆ. ಆಳದ ಗುಳಿಯೊಳಗೆ ಪಟ್ಟಿಯಂಥ ಗಾಜ್ ಅನ್ನು ಇಂಚಿಂಚಾಗಿ ತುಂಬಬೇಕಾಗುತ್ತದೆ. ಇದಕ್ಕೆ ಸಮಯ ಹಿಡಿಯುತ್ತದೆ, ರೋಗಿಗೆ ನೋವೂ ಜಾಸ್ತಿ. 10061 ಇರುವುದು ಈ ಕೆಲಸಕ್ಕೆ.

ಎರಡು ನೋಟ್ ಪಕ್ಕಪಕ್ಕ ಇಟ್ಟು ನೋಡೋಣ. ಎರಡೂ ನಾನು ಕಲಿಸಲು ಕಟ್ಟಿದವು, ನಿಜವಾದ ಯಾರ ಚಾರ್ಟೂ ಅಲ್ಲ. ಮೊದಲನೆಯದು: "ಬೆನ್ನಿನಲ್ಲಿ 6 ಸೆಂ.ಮೀ. ದೊಡ್ಡ ಕುರು. ಐ ಅಂಡ್ ಡಿ (ಕೊಯ್ದು ಕೀವು ಹರಿಸುವುದು) ಮಾಡಲಾಯಿತು. ತುಂಬ ಕೀವು ಬಂತು. ರೋಗಿ ಚೆನ್ನಾಗಿ ಸಹಿಸಿಕೊಂಡರು." ಎರಡನೆಯದು: "ಎಡ ತೊಡೆಯ ಹಿಂಭಾಗದಲ್ಲಿ 3 ಸೆಂ.ಮೀ. ಕುರು, ಒತ್ತಿದರೆ ಒಳಗೆ ದ್ರವ ತೇಲುತ್ತದೆ. ಒಪ್ಪಿಗೆ ಪಡೆಯಲಾಯಿತು. 1% ಲಿಡೋಕೇನ್ 5 ಎಂಎಲ್. 11ನೇ ನಂಬರಿನ ಬ್ಲೇಡ್‌ನಿಂದ 2 ಸೆಂ.ಮೀ. ಉದ್ದಕ್ಕೆ ಕೊಯ್ಯಲಾಯಿತು. ಸುಮಾರು 10 ಎಂಎಲ್ ಕೀವು. ಹೀಮೋಸ್ಟಾಟ್‌ನಿಂದ ಒಳಗೆ ತಡವಿ ಹಲವು ಲಾಕ್ಯುಲೇಷನ್ ಒಡೆಯಲಾಯಿತು. ಸಲೈನ್‌ನಿಂದ ತೊಳೆದು ಕಾಲು ಇಂಚಿನ ಗಾಜ್ ಪಟ್ಟಿ ತುಂಬಲಾಯಿತು. ಕಲ್ಚರ್ (ರೋಗಾಣು ಪರೀಕ್ಷೆ) ಕಳಿಸಲಾಯಿತು. 48 ಗಂಟೆಗೆ ಮತ್ತೆ ಬರಲು ಹೇಳಲಾಯಿತು."

ಎರಡನೆಯದರ ಕುರು ಮೊದಲನೆಯದರ ಅರ್ಧದಷ್ಟಿದೆ. ಆದರೂ ಅದಕ್ಕೆ 10061, ಮೊದಲನೆಯದಕ್ಕೆ 10060. ಮೊದಲನೆಯ ವೈದ್ಯರೂ ಒಳಗಿನ ಗೋಡೆ ಒಡೆದಿರಬಹುದು. 6 ಸೆಂ.ಮೀ. ಕುರುವಿನಲ್ಲಿ ಒಡೆಯದೇ ಇರುವುದೇ ಕಷ್ಟ. ಆದರೆ ಬರೆದಿಲ್ಲ. ನಾವು ಆ ಕೋಣೆಯಲ್ಲಿ ಇರಲಿಲ್ಲ. ನಮಗಿರುವುದು ಬರೆದ ಮಾತು ಮಾತ್ರ. ‘ಇರಬಹುದು’ ಅನ್ನುವುದನ್ನು ಕೋಡ್ ಮಾಡಲು ಬರುವುದಿಲ್ಲ.

ಪ್ಯಾಕಿಂಗ್ ಮಾತ್ರ ಇದ್ದರೆ ಏನು ಮಾಡಬೇಕು ಅಂತ ನಿಮ್ಮ ಟೀಮಿನಲ್ಲೂ ಜಗಳ ನಡೆದಿರುತ್ತದೆ. ಕೆಲವು ಇನ್ಶೂರೆನ್ಸ್ ಕಂಪನಿಗಳು, ಕೆಲವು ಕ್ಲೈಂಟ್‌ಗಳು (ನಮಗೆ ಕೆಲಸ ಕೊಡುವ ಆಸ್ಪತ್ರೆ, ವೈದ್ಯರ ಗ್ರೂಪ್‌ಗಳು) ಪ್ಯಾಕಿಂಗ್ ಇದ್ದರೆ ಸಾಕು, 10061 ಕೊಡಿ ಅನ್ನುತ್ತಾರೆ. ಕೆಲವರು ಒಪ್ಪುವುದಿಲ್ಲ. ಮೊದಲು ನಿಮ್ಮ ಕ್ಲೈಂಟ್ ಗೈಡ್‌ಲೈನ್ ತೆಗೆದು ನೋಡಿ, ಅಲ್ಲಿ ಬರೆದಿದ್ದರೆ ಅದೇ ಅಂತಿಮ. ಬರೆದಿಲ್ಲದಿದ್ದರೆ ನನ್ನ ಅಭಿಪ್ರಾಯ ಹೀಗಿದೆ: ಗಾಯದ ಬಾಯಿ ಮುಚ್ಚದಿರಲಿ ಅಂತ ಒಂದು ತುಣುಕು ಗಾಜ್ ತುರುಕಿದ್ದನ್ನು ನಾನು ಕ್ಲಿಷ್ಟ ಅನ್ನುವುದಿಲ್ಲ. ಒಳಗೆ ತಡವಿ, ಗೋಡೆ ಒಡೆದು, ಆಳಕ್ಕೆ ತುಂಬಿದ್ದರೆ ಅನ್ನುತ್ತೇನೆ. ‘ಕಾಂಪ್ಲೆಕ್ಸ್ ಐ ಅಂಡ್ ಡಿ’ ಅಂತ ಬರೀ ತಲೆಬರಹ ಹಾಕಿ, ಕೆಳಗೆ ಏನೂ ವಿವರಿಸದ ನೋಟ್ ಕೂಡ ನನಗೆ ಸಾಲದು.

ಟೆಂಪ್ಲೇಟ್ ಬಗ್ಗೆ ಹುಷಾರಾಗಿರಿ. ಈಗಿನ ಎಲೆಕ್ಟ್ರಾನಿಕ್ ಚಾರ್ಟ್‌ನಲ್ಲಿ ಪ್ರೊಸೀಜರ್ ನೋಟ್ ಮೊದಲೇ ತುಂಬಿ ಬರುತ್ತದೆ. ಒಬ್ಬರೇ ವೈದ್ಯರ ಹತ್ತು ಚಾರ್ಟ್ ತೆಗೆದರೆ ಹತ್ತರಲ್ಲೂ ‘ಲಾಕ್ಯುಲೇಷನ್ ಒಡೆಯಲಾಯಿತು’ ಅಂತಲೇ ಇರುತ್ತದೆ, ಬಟಾಣಿ ಕಾಳಿನಷ್ಟು ಕುರುವಿನಲ್ಲೂ. ಮೇಲೆ ಪರೀಕ್ಷೆಯಲ್ಲಿ ‘ಕೀವು ತಾನಾಗಿ ಸೋರುತ್ತಿದೆ, ಒಳಗೆ ದ್ರವ ಇಲ್ಲ’ ಅಂತ ಬರೆದು, ಕೆಳಗೆ ಟೆಂಪ್ಲೇಟ್‌ನಲ್ಲಿ ‘ಹಲವು ಲಾಕ್ಯುಲೇಷನ್’ ಅಂತ ಇದ್ದರೆ ಎರಡೂ ಹೊಂದುವುದಿಲ್ಲ. ಅಂಥ ಕಡೆ ಸುಮ್ನೆ ದೊಡ್ಡ ಕೋಡ್ ಹಾಕಿ ಮುಂದೆ ಹೋಗಬೇಡಿ. ಲೀಡ್‌ಗೆ ತೋರಿಸಿ.

ಕೊಯ್ಯದೇ ಇದ್ದರೆ ಇವೆರಡೂ ಕೋಡ್ ಇಲ್ಲ. ಇದು ಗೊತ್ತಿದ್ದೂ ತಪ್ಪುತ್ತದೆ. ಕುರು ತಾನೇ ಒಡೆದಿದೆ, ವೈದ್ಯರು ಒತ್ತಿ ಕೀವು ತೆಗೆದರು, ಡ್ರೆಸ್ಸಿಂಗ್ ಮಾಡಿದರು. ಇದು ಬರೀ ಇ ಅಂಡ್ ಎಂ ವಿಸಿಟ್, ಅಂದರೆ ರೋಗಿಯನ್ನು ಪರೀಕ್ಷಿಸಿ ಸಲಹೆ ಕೊಟ್ಟದ್ದಕ್ಕೆ ಹಾಕುವ ಕೋಡ್. ಸೂಜಿ ಚುಚ್ಚಿ ಸಿರಿಂಜ್‌ನಲ್ಲಿ ಎಳೆದರೆ 10160. ‘ಐ ಅಂಡ್ ಡಿ’ ಅಂತ ತಲೆಬರಹ ಇದ್ದು ಒಳಗೆ 18 ಗೇಜ್ ಸೂಜಿ ಮಾತ್ರ ಇದ್ದರೆ, ಸೂಜಿಯನ್ನೇ ನಂಬಿ.

ಜಾಗ ಬದಲಾದರೆ ಇಡೀ ಕೋಡೇ ಬದಲಾಗುತ್ತದೆ ಅನ್ನುವುದು ಇನ್ನೊಂದು ವಿಷಯ. ನಮ್ಮ ಭಾಷೆಯಲ್ಲಿ ಬೆರಳ ತುದಿಯಲ್ಲಿ ಕೀವು ತುಂಬಿದರೆ ಎಲ್ಲದಕ್ಕೂ ‘ಉಗುರುಸುತ್ತು’ ಅಂದುಬಿಡುತ್ತೇವೆ. ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ಸಿಕ್ಕಿಸಿಕೊಂಡು ಕೂರುತ್ತೇವೆ. ಕೋಡಿಂಗ್‌ನಲ್ಲಿ ಇದು ಎರಡು ಬೇರೆ ಬೇರೆ ಕಾಯಿಲೆ. ಉಗುರಿನ ಅಂಚಿನ ಚರ್ಮದಲ್ಲಿ ಕೀವಾದರೆ ಪ್ಯಾರೊನಿಕಿಯಾ, ಅದನ್ನು ಕೊಯ್ದರೆ 10060. ಬೆರಳ ತುದಿಯ ತಿರುಳಿನ ಒಳಗೆ, ಬೆರಳಚ್ಚು ಒತ್ತುವ ಆ ಮೆತ್ತನೆ ಭಾಗದಲ್ಲಿ ಕೀವಾದರೆ ಫೆಲನ್. ಅದಕ್ಕೆ ಕೈಯ ಅಧ್ಯಾಯದ 26011. ಬೆರಳಿನ ಸರಳ ಕುರುವಿಗೆ 26010. ರೋಗದ ಕೋಡ್ ಮಾತ್ರ ಪ್ಯಾರೊನಿಕಿಯಾ, ಫೆಲನ್ ಎರಡಕ್ಕೂ ಎಲ್03.01 ಸಾಲಿನಲ್ಲೇ ಬರುತ್ತದೆ, ಬಲಗೈ ಬೆರಳಾದರೆ ಎಲ್03.011. ನೋಡಿ, ಸಿಪಿಟಿ ಪುಸ್ತಕದಲ್ಲಿ ಬೇರೆ ಬೇರೆ, ರೋಗದ ಕೋಡ್‌ಗಳ ಐಸಿಡಿ ಪುಸ್ತಕದಲ್ಲಿ ಒಂದೇ.

ಗುದದ್ವಾರದ ಸುತ್ತ ಚರ್ಮದ ಹತ್ತಿರದ ಕುರುವಾದರೆ 46050, ರೋಗಕ್ಕೆ ಕೆ61 ಸಾಲು. ಬೆನ್ನಿನ ಬುಡದಲ್ಲಿ ಬಾಲಮೂಳೆಯ ಮೇಲೆ ಕೂದಲು ಸೇರಿ ಆಗುವ ಪೈಲೊನೈಡಲ್ ಸಿಸ್ಟ್ ಕೀವಾದರೆ ಎಲ್05.01, ಕೊಯ್ದದ್ದಕ್ಕೆ 10080 ಅಥವಾ 10081. ಬಾರ್ಥೊಲಿನ್ ಗ್ರಂಥಿಯದ್ದು 56420. ಆಪರೇಷನ್ ಆದ ಗಾಯದಲ್ಲಿ ಕೀವು ತುಂಬಿ, ಕ್ಲಿಷ್ಟವಾಗಿ ಬಿಡಿಸಿ ಹರಿಸಿದರೆ 10180. ಕೀವಲ್ಲ, ಹೆಪ್ಪುಗಟ್ಟಿದ ರಕ್ತ ಅಂದರೆ 10140. ಸ್ನಾಯುವಿನ ಹೊದಿಕೆಯ ಕೆಳಗೆ ಇಳಿದರೆ ಆಯಾ ಅಂಗದ ಅಧ್ಯಾಯಕ್ಕೇ ಹೋಗಬೇಕು. ಹಾಗಾಗಿ ಚಾರ್ಟ್‌ನಲ್ಲಿ ‘ಬಟಕ್’ (ಪೃಷ್ಠ) ಅಂತ ಕಂಡರೆ ಅಲ್ಲಿಗೇ ನಿಲ್ಲಬೇಡಿ, ಎಲ್ಲಿ, ಎಷ್ಟು ಹತ್ತಿರ, ಎಷ್ಟು ಆಳ ಅಂತ ಪರೀಕ್ಷೆಯ ಭಾಗ ಪೂರ್ತಿ ಓದಿ.

ಈಗ ರೋಗದ ಕೋಡ್. ಚರ್ಮದ ಕುರು, ಫ್ಯೂರಂಕಲ್, ಕಾರ್ಬಂಕಲ್ ಮೂರೂ ಐಸಿಡಿ-10-ಸಿಎಂನ ಎಲ್02ರಲ್ಲಿ. ಜಾಗದ ಪ್ರಕಾರ ಕವಲು. ಬೆನ್ನು ಎಲ್02.212, ಪೃಷ್ಠ ಎಲ್02.31, ಬಲಗಂಕುಳು ಎಲ್02.411, ಎಡಗಂಕುಳು ಎಲ್02.412. ಕೈ ಅಂದರೆ ಎರಡು ಕಡೆ ನೋಡಬೇಕು: ತೋಳು, ಮುಂಗೈ ಆದರೆ ಎಲ್02.413 ಅಥವಾ .414, ಅಂಗೈ-ಹಸ್ತ ಆದರೆ ಎಲ್02.511 ಅಥವಾ .512. ಕನ್ನಡದಲ್ಲಿ ನಾವು ಎರಡನ್ನೂ ‘ಕೈ’ ಅನ್ನುತ್ತೇವೆ, ಕಾಲಿನದ್ದೂ ಅದೇ ಕಥೆ. ತಲೆಯಲ್ಲಿ ಮುಖ ಎಲ್02.01, ಮುಖ ಬಿಟ್ಟು ಉಳಿದ ತಲೆ ಎಲ್02.811. ಎಡವೋ ಬಲವೋ ವೈದ್ಯರು ಬರೆಯದೆ ನರ್ಸ್ ಬರೆದಿದ್ದರೆ, ಈಗಿನ ಗೈಡ್‌ಲೈನ್ ಪ್ರಕಾರ ಅದನ್ನು ತೆಗೆದುಕೊಳ್ಳಬಹುದು. ಒಬ್ಬರು ಎಡ, ಒಬ್ಬರು ಬಲ ಅಂದಿದ್ದರೆ ಮಾತ್ರ ವೈದ್ಯರನ್ನೇ ಕೇಳಬೇಕು. ರೋಗಿ ‘ಬಾಯ್ಲ್ ಆಗಿದೆ’ ಅಂದದ್ದು ಮೇಲಿನ ಕಥೆಯಲ್ಲಿ ಇರುತ್ತದೆ. ಇಂಡೆಕ್ಸ್‌ನಲ್ಲಿ ಬಾಯ್ಲ್ ಅಂದರೆ ಫ್ಯೂರಂಕಲ್‌ಗೆ ಹೋಗುತ್ತದೆ. ಆದರೆ ವೈದ್ಯರು ಕೊನೆಗೆ ‘ಆಬ್ಸೆಸ್’ (ಕುರು) ಅಂತ ತೀರ್ಮಾನಿಸಿದ್ದರೆ ಅವರ ಮಾತೇ ಕೋಡ್.

ಸೆಲ್ಯುಲೈಟಿಸ್ ಎರರ್‌ಗೆ ಬರೋಣ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಿಂದೆ ಐಸಿಡಿ-9 ಇದ್ದಾಗ ಸೆಲ್ಯುಲೈಟಿಸ್ ಮತ್ತು ಕುರು ಎರಡಕ್ಕೂ ಹೆಚ್ಚಾಗಿ 682 ಅಂತ ಒಂದೇ ಗುಂಪು. ಎರಡೂ ಇದ್ದರೂ ಒಂದೇ ಕೋಡ್. 2015ರ ಅಕ್ಟೋಬರ್ 1ರಂದು ಅಮೆರಿಕ ಐಸಿಡಿ-10-ಸಿಎಂಗೆ ಬದಲಾದಾಗ ಇವು ಬೇರೆಯಾದವು. ಕುರುವಿಗೆ ಎಲ್02, ಸೆಲ್ಯುಲೈಟಿಸ್‌ಗೆ ಎಲ್03. ಎರಡೂ ಇದೆ ಅಂತ ವೈದ್ಯರು ಬರೆದರೆ ಎರಡನ್ನೂ ಕೊಡಬೇಕು. ಬಲಗಾಲಿನಲ್ಲಿ ಕುರು ಮತ್ತು ಸುತ್ತ ಸೆಲ್ಯುಲೈಟಿಸ್ ಅಂದರೆ ಎಲ್02.415, ಜೊತೆಗೆ ಎಲ್03.115. ಎರಡು ಬೇರೆ ಕೋಡ್ ಯಾಕೆ ಅನ್ನುವುದಕ್ಕೆ ಕಾರಣ ಚಿಕಿತ್ಸೆಯಲ್ಲೇ ಇದೆ. ಕುರುವಿಗೆ ಬ್ಲೇಡ್ ಬೇಕು, ಕೀವು ಹೊರಬಂದರೆ ಅರ್ಧ ವಾಸಿ. ಸೆಲ್ಯುಲೈಟಿಸ್ ಅಂದರೆ ಸೋಂಕು ಚರ್ಮದಲ್ಲೇ ಹರಡಿದೆ, ಅದಕ್ಕೆ ಆಂಟಿಬಯಾಟಿಕ್ ಬೇಕು. ಆಂಟಿಬಯಾಟಿಕ್ ಯಾಕೆ ಕೊಟ್ಟರು ಅಂತ ಇನ್ಶೂರೆನ್ಸ್ ಕೇಳಿದರೆ ಎಲ್03 ಉತ್ತರ ಹೇಳುತ್ತದೆ.

ಆದರೆ ಇಲ್ಲೊಂದು ಬಲೆ ಇದೆ. ಕುರು ಎದ್ದರೆ ಸುತ್ತ ಕೆಂಪಾಗಿಯೇ ಇರುತ್ತದೆ. ‘ಸುತ್ತ 2 ಸೆಂ.ಮೀ. ಕೆಂಪು’ ಅಂತ ವೈದ್ಯರು ಪರೀಕ್ಷೆಯಲ್ಲಿ ಬರೆದರೆ ಅದು ಸೆಲ್ಯುಲೈಟಿಸ್ ಅಲ್ಲ, ಕೆಂಪು ಅಷ್ಟೇ. ‘ಸೆಲ್ಯುಲೈಟಿಸ್’ ಅನ್ನುವ ಪದ ವೈದ್ಯರ ತೀರ್ಮಾನದಲ್ಲಿ ಬರಬೇಕು. ರೋಗಿ ಬಂದ ತಕ್ಷಣ ನರ್ಸ್ ಟ್ರಯಾಜ್‌ನಲ್ಲಿ ಬರೆದದ್ದು ಸಾಲದು. ‘ಸೆಲ್ಯುಲೈಟಿಸ್ ಇರಬಹುದು’ ಅಂತ ಬರೆದರೂ ಹೊರರೋಗಿ ಚಾರ್ಟ್‌ನಲ್ಲಿ ಕೋಡ್ ಮಾಡುವ ಹಾಗಿಲ್ಲ. ಒಳರೋಗಿಯಾಗಿ ಸೇರಿ, ಡಿಸ್ಚಾರ್ಜ್ ಹೊತ್ತಿಗೂ ‘ಇರಬಹುದು’ ಅಂತ ಉಳಿದಿದ್ದರೆ ಆಸ್ಪತ್ರೆಯ ಬಿಲ್‌ಗೆ ಮಾಡಬಹುದು. ಎಮರ್ಜೆನ್ಸಿಯಿಂದ ಮನೆಗೆ ಹೋದವರಿಗೆ ಇಲ್ಲ.

ಹಲವು ಆಂಟಿಬಯಾಟಿಕ್‌ಗೆ ಬಗ್ಗದ ಎಂಆರ್‌ಎಸ್‌ಎ ಎಂಬ ರೋಗಾಣುವಿನ ವಿಷಯವೂ ಹೀಗೆಯೇ. ಎಲ್02ರ ಕೆಳಗೆ ರೋಗಾಣುವಿನ ಕೋಡ್ ಸೇರಿಸಿ ಅಂತ ಸೂಚನೆ ಇದೆ. ಎಂಆರ್‌ಎಸ್‌ಎಗೆ ಬಿ95.62. ಕಲ್ಚರ್ ರಿಪೋರ್ಟ್‌ನಲ್ಲಿ ಎಂಆರ್‌ಎಸ್‌ಎ ಅಂತ ಕಂಡ ತಕ್ಷಣ ಹಾಕಬೇಡಿ, ವೈದ್ಯರು ಅದನ್ನು ಒಪ್ಪಿ ಬರೆದಿರಬೇಕು. ಎಮರ್ಜೆನ್ಸಿಯಲ್ಲಿ ರಿಪೋರ್ಟ್ ಬರುವ ಹೊತ್ತಿಗೆ ರೋಗಿ ಮನೆ ಸೇರಿರುತ್ತಾರೆ, ಹಾಗಾಗಿ ಬಹುಪಾಲು ಚಾರ್ಟ್‌ನಲ್ಲಿ ಆ ಕೋಡ್ ಇರುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಕುರು ಎದ್ದರೆ ನಮ್ಮ ಅಜ್ಜಿಯರೂ ‘ಸಕ್ಕರೆಯಿಂದಲೇ’ ಅನ್ನುತ್ತಾರೆ. ಕೋಡರ್ ಹಾಗೆ ಅನ್ನುವಂತಿಲ್ಲ. ಡಯಾಬಿಟಿಸ್ ಜೊತೆ ಕೆಲವು ಕಾಯಿಲೆಗಳಿಗೆ ಪುಸ್ತಕವೇ ಸಂಬಂಧ ಕಟ್ಟಿಕೊಡುತ್ತದೆ. ಚರ್ಮದ ಕುರು ಆ ಪಟ್ಟಿಯಲ್ಲಿ ಹೆಸರಿಟ್ಟು ಇಲ್ಲ. ವೈದ್ಯರು ಇದು ಡಯಾಬಿಟಿಸ್‌ನಿಂದ ಆದದ್ದು ಅಂತ ಬರೆದರೆ ಮಾತ್ರ, ಟೈಪ್ 2 ಡಯಾಬಿಟಿಸ್‌ಗೆ ಇ11.628, ಜೊತೆಗೆ ಎಲ್02.

ಇನ್ನು ಎರಡು ದಿನ ಬಿಟ್ಟು ಬಂದವರು. 10060, 10061 ಎರಡಕ್ಕೂ ಅಮೆರಿಕ ಸರ್ಕಾರದ ವಿಮೆಯಾದ ಮೆಡಿಕೇರ್‌ನಲ್ಲಿ 10 ದಿನದ ಗ್ಲೋಬಲ್ ಅವಧಿ ಇದೆ. ಅಂದರೆ ಕೊಯ್ದ ಹಣದಲ್ಲೇ ಮುಂದಿನ ಸಾಮಾನ್ಯ ಆರೈಕೆಯೂ ಸೇರಿದೆ. ಎಣಿಕೆ ಹೀಗೆ: ಕೊಯ್ದ ದಿನ ಒಂದು, ಆಮೇಲೆ 10 ದಿನ. ತಿಂಗಳ 1ನೇ ತಾರೀಕು ಕೊಯ್ದರೆ 11ರವರೆಗೆ. 3ನೇ ತಾರೀಕು ಅದೇ ವೈದ್ಯರ ಹತ್ತಿರ, ಅಥವಾ ಅದೇ ಗ್ರೂಪಿನ ಅದೇ ವಿಭಾಗದ ಇನ್ನೊಬ್ಬರ ಹತ್ತಿರ ಪ್ಯಾಕಿಂಗ್ ಬದಲಿಸಿಕೊಳ್ಳಲು ಬಂದರೆ ಹಣ ಕೇಳುವ ಹಾಗಿಲ್ಲ. 99024 ಹಾಕಿ ಲೆಕ್ಕಕ್ಕೆ ಮಾತ್ರ ಇಡುತ್ತಾರೆ. ಎಮರ್ಜೆನ್ಸಿಯಲ್ಲಿ ಶಿಫ್ಟ್ ಬದಲಾಗಿರುತ್ತದೆ, ಬೇರೆ ವೈದ್ಯರು ನೋಡಿರುತ್ತಾರೆ. ಅದನ್ನು ನೋಡಿ ಹೊಸಬರು ಹೊಸ ವಿಸಿಟ್ ಅಂದುಕೊಳ್ಳುತ್ತಾರೆ. ಗ್ರೂಪ್ ಒಂದೇ ಆದರೆ ಅದು ಹೊಸದಲ್ಲ.

ಬೇರೆ ಗ್ರೂಪಿನ ವೈದ್ಯರು, ಉದಾಹರಣೆಗೆ ಅವರ ಮನೆ ಹತ್ತಿರದ ಕ್ಲಿನಿಕ್‌ನವರು ನೋಡಿದರೆ ಅವರು ತಮ್ಮ ವಿಸಿಟ್ ಬಿಲ್ ಮಾಡಬಹುದು. ಅವಧಿಯೊಳಗೆ ಅದೇ ವೈದ್ಯರು ಬೇರೆ ಜಾಗದಲ್ಲಿ ಎದ್ದ ಹೊಸ ಕುರು ಕೊಯ್ದರೆ ಕೋಡ್ ಜೊತೆ ಮಾಡಿಫೈಯರ್ 79, ಅಂದರೆ ಹಿಂದಿನದಕ್ಕೆ ಸಂಬಂಧವಿಲ್ಲದ ಕೆಲಸ ಅನ್ನುವ ಗುರುತು. ಇನ್ನೊಂದು ಮಾತು: ಗ್ಲೋಬಲ್ ಅವಧಿ ವೈದ್ಯರ ಬಿಲ್‌ಗೆ ಮಾತ್ರ. ಆಸ್ಪತ್ರೆಯ ಫೆಸಿಲಿಟಿ ಬಿಲ್‌ಗೆ ಅದು ಅನ್ವಯವಾಗುವುದಿಲ್ಲ. ನಿಮ್ಮದು ವೈದ್ಯರ ಕಡೆಯ ಪ್ರಾಜೆಕ್ಟ್. ಪಕ್ಕದ ಸೀಟಿನ ಗೆಳತಿ ಫೆಸಿಲಿಟಿ ಪ್ರಾಜೆಕ್ಟ್‌ನಲ್ಲಿದ್ದರೆ, ಅವರು ಹೇಳಿದ್ದು ಅವರಿಗೆ ಸರಿ, ನಿಮಗೆ ತಪ್ಪು. ಊಟದ ಹೊತ್ತಿನಲ್ಲಿ ಕಲಿತ ನಿಯಮಗಳಿಂದ ಇಂಥ ಎಷ್ಟೋ ಎರರ್ ಬಂದದ್ದನ್ನು ನೋಡಿದ್ದೇನೆ.

ಕೊಯ್ದ ದಿನವೇ ಇ ಅಂಡ್ ಎಂ ಕೂಡ ಮಾಡಿಫೈಯರ್ 25 ಜೊತೆ ಹಾಕಬಹುದೇ? ನೀವು ಕೇಳಿಲ್ಲ, ಆದರೆ ಮುಂದಿನ ಎರರ್ ಇಲ್ಲಿಂದಲೇ ಬರುವ ಸಾಧ್ಯತೆ ಇದೆ. ಕುರು ನೋಡಿ, ಕೊಯ್ಯಬೇಕು ಅಂತ ನಿರ್ಧರಿಸಿ, ಕೊಯ್ದು ಕಳಿಸಿದರು ಅಂದರೆ ಆ ನಿರ್ಧಾರ ಕೊಯ್ಯುವ ಹಣದಲ್ಲೇ ಸೇರಿದೆ. ಜ್ವರ ಇತ್ತು, ಸಕ್ಕರೆ 400 ದಾಟಿತ್ತು, ರಕ್ತ ಪರೀಕ್ಷೆ ಮಾಡಿಸಿದರು, ಸೆಪ್ಸಿಸ್ ಇಲ್ಲ ಅಂತ ಖಚಿತಪಡಿಸಿಕೊಂಡರು, ಔಷಧ ಬದಲಿಸಿದರು ಅಂದರೆ ಅದು ಕೊಯ್ಯುವುದನ್ನು ಮೀರಿದ ಕೆಲಸ. ಆಗ 25 ನ್ಯಾಯವಾಗಿ ಬರುತ್ತದೆ. ಪ್ರೊಸೀಜರ್ ನೋಟ್ ಪೂರ್ತಿ ಅಳಿಸಿದರೂ ಉಳಿದ ಚಾರ್ಟ್ ಒಂದು ವಿಸಿಟ್ ಆಗಿ ನಿಲ್ಲುತ್ತದಾ ಅಂತ ಕೇಳಿಕೊಳ್ಳಿ. ನಿಂತರೆ ಹಾಕಿ. ಮರಗಟ್ಟಿಸಿದ ಲಿಡೋಕೇನ್ ಇಂಜೆಕ್ಷನ್, ಪ್ಯಾಕಿಂಗ್, ಡ್ರೆಸ್ಸಿಂಗ್ ಇವಕ್ಕೆಲ್ಲ ಬೇರೆ ಕೋಡ್ ಇಲ್ಲ. ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿ ಹಾಕಿದರು ಅಂತ 76942 ಕೊಡಬೇಕಾದರೆ ಚಿತ್ರ ಉಳಿಸಿಟ್ಟಿರಬೇಕು, ಅದನ್ನು ಬರೆದಿರಬೇಕು.

ರೋಗಿ ಅಡ್ಮಿಟ್ ಆದರೆ ಆಸ್ಪತ್ರೆಯ ಬಿಲ್‌ನಲ್ಲಿ ಸಿಪಿಟಿ ಬದಲು ಐಸಿಡಿ-10-ಪಿಸಿಎಸ್ ಎಂಬ ಬೇರೆ ಕೋಡ್ ಪಟ್ಟಿ ಬರುತ್ತದೆ. ಚರ್ಮದ ಮಟ್ಟಕ್ಕೆ 0ಎಚ್9, ಚರ್ಮದಡಿಗೆ 0ಜೆ9. ಅಲ್ಲಂತೂ ಆಳ ಬರೆಯದ ನೋಟ್‌ನಿಂದ ಒಂದು ಹೆಜ್ಜೆಯೂ ಮುಂದೆ ಹೋಗಲಾಗದು. ಅದು ನಿಮ್ಮ ಈಗಿನ ಕೆಲಸವಲ್ಲ, ಇಷ್ಟು ಸಾಕು.

ಹಾಗಾದರೆ ಮೊದಲನೇ ಚಾರ್ಟ್‌ನಂಥದ್ದು ಮತ್ತೆ ಬಂದರೆ? ಕ್ಲೈಂಟ್ ಒಪ್ಪಿದರೆ ಕ್ವೆರಿ ಹಾಕಿ, ಅಂದರೆ ವೈದ್ಯರಿಗೇ ಬರೆದು ಕೇಳಿ. ಆದರೆ ‘ಲಾಕ್ಯುಲೇಷನ್ ಒಡೆದಿರಲ್ವಾ ಡಾಕ್ಟರ್?’ ಅಂತ ಕೇಳಬೇಡಿ. ಅದು ಉತ್ತರವನ್ನು ಬಾಯಿಗೆ ತುರುಕಿದ ಹಾಗೆ. ‘ಕೊಯ್ದ ಮೇಲೆ ಒಳಗೆ ಏನು ಕಂಡಿತು, ಏನೇನು ಮಾಡಿದಿರಿ, ದಯವಿಟ್ಟು ವಿವರಿಸಿ’ ಅಂತ ಕೇಳಿ. ಹಣದ ಮಾತು, ಕೋಡಿನ ಮಾತು ಕ್ವೆರಿಯಲ್ಲಿ ಬರಲೇಬಾರದು. ಒಂದೇ ವೈದ್ಯರ ನೋಟ್ ಮತ್ತೆ ಮತ್ತೆ ಹೀಗೇ ಬರುತ್ತಿದ್ದರೆ ಚಾರ್ಟ್ ನಂಬರ್‌ಗಳ ಪಟ್ಟಿ ಮಾಡಿ ಲೀಡ್‌ಗೆ ಕೊಡಿ. ಕ್ಲೈಂಟ್ ಜೊತೆಗಿನ ತಿಂಗಳ ಕಾಲ್‌ನಲ್ಲಿ ಅದನ್ನು ಎತ್ತಿದರೆ ವೈದ್ಯರ ಬರವಣಿಗೆ ನಿಜವಾಗಿಯೂ ಬದಲಾಗುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ. ನಾವು ಇಲ್ಲಿ ಕೂತು, ಅಲ್ಲಿನ ವೈದ್ಯರ ಮುಖವನ್ನೂ ನೋಡದೆ, ಅವರ ನೋಟ್ ಸುಧಾರಿಸುವಂತೆ ಮಾಡಬಹುದು.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಅಮೆರಿಕದಲ್ಲಿ ಎಷ್ಟೋ ಜನರ ಇನ್ಶೂರೆನ್ಸ್‌ನಲ್ಲಿ ಡಿಡಕ್ಟಿಬಲ್ ಅಂತ ಇರುತ್ತದೆ. ಆ ಮೊತ್ತ ತಲುಪುವವರೆಗೆ ಬಿಲ್ ಅವರ ಜೇಬಿನಿಂದಲೇ ಹೋಗುತ್ತದೆ. ನಾವು ಇಲ್ಲಿ ಒಂದು ಅಂಕಿ ಮೇಲೆ ಹಾಕಿದರೆ, ಅಲ್ಲಿ ಒಬ್ಬರು ಮಾಡದ ಕೆಲಸಕ್ಕೆ ದುಡ್ಡು ಕಟ್ಟುತ್ತಾರೆ. ಒಂದು ಅಂಕಿ ಕಡಿಮೆ ಹಾಕಿದರೆ, ರಾತ್ರಿ ಎರಡು ಗಂಟೆಗೆ ಬಗ್ಗಿ ನಿಂತು ಗೋಡೆ ಒಡೆದ ವೈದ್ಯರ ಕೆಲಸಕ್ಕೆ ಬೆಲೆ ಸಿಗುವುದಿಲ್ಲ. ಸರ್ಕಾರದ ವಿಮೆಗೆ ಗೊತ್ತಿದ್ದೂ ಹೆಚ್ಚು ಬಿಲ್ ಮಾಡಿದರೆ ಫಾಲ್ಸ್ ಕ್ಲೇಮ್ಸ್ ಆಕ್ಟ್ ಇದೆ. 1863ರಲ್ಲಿ, ಅಲ್ಲಿನ ಅಂತರ್ಯುದ್ಧದ ಕಾಲದಲ್ಲಿ, ಸೈನ್ಯಕ್ಕೆ ಕಳಪೆ ಸಾಮಾನು ಕೊಟ್ಟು ಮೋಸ ಮಾಡಿದವರಿಗಾಗಿ ಬಂದ ಕಾನೂನು ಅದು.

ಈಗ ಮಾಡಬೇಕಾದ್ದು. ಮೊದಲನೇ ಎರರ್ ಒಪ್ಪಿಕೊಳ್ಳಿ. ಎರಡನೆಯದನ್ನು ಒಪ್ಪುವ ಮುಂಚೆ ಆ ಚಾರ್ಟ್ ಮತ್ತೆ ತೆಗೆದು ‘ಸೆಲ್ಯುಲೈಟಿಸ್’ ಪದ ಎಲ್ಲಿದೆ ಹುಡುಕಿ. ವೈದ್ಯರ ಅಸೆಸ್‌ಮೆಂಟ್‌ನಲ್ಲಿದ್ದರೆ ಆಡಿಟರ್ ಸರಿ. ನರ್ಸ್ ನೋಟ್‌ನಲ್ಲಿ ಮಾತ್ರ ಇದ್ದರೆ, ಅಥವಾ ಬರೀ ‘ಕೆಂಪು’ ಅಂತಿದ್ದರೆ, ನೀವು ಬಿಟ್ಟದ್ದೇ ಸರಿ. ಆ ಸಾಲನ್ನು ತೋರಿಸಿ, ನಿಮ್ಮ ಕಂಪನಿಯ ಗಡುವಿನೊಳಗೆ ರಿಬಟಲ್ (ಎರರ್ ಒಪ್ಪದೆ ಬರೆಯುವ ಉತ್ತರ) ಹಾಕಿ.